ಮಸಣದ ಬಾಗಿಲಲ್ಲಿ ವೀರಬಾಹುವಿನ ಸುಂಕ

ಸ್ಮಶಾನದಲ್ಲಿ ಒಂದು ಕಿರುಚಿತ್ರ ತೆಗೆಯಬೇಕಾದರೆ ಯಾರ ಅಪ್ಪಣೆ ಪಡೆಯಬೇಕು? ಈ ಸಣ್ಣ ಪ್ರಶ್ನೆಗೆ ಉತ್ತರ ಕೊಡಬಲ್ಲ ಅಧಿಕಾರಿ ನಮ್ಮ ಊರಿನಲ್ಲಿ ಒಬ್ಬರೂ ಇಲ್ಲವೆಂಬುದು ಈಗ ಸಿದ್ಧವಾಗಿದೆ. ನಮ್ಮ ಬಳಗದ ನಾಲ್ವರು ಯುವಕರು, ಇಬ್ಬರು ಗಿರಣಿಯವರು, ಒಬ್ಬ ಕಿರಾಣಿ ಅಂಗಡಿಯವನ ಮಗ, ಮತ್ತೊಬ್ಬ ಕಾಲೇಜು ಹುಡುಗ, ಗುಣಿ ತೋಡುವವನ ಒಂದು ದಿನದ ದುಡಿಮೆಯನ್ನು ಹದಿನೈದು ನಿಮಿಷದ ಚಿತ್ರವಾಗಿ ತೆಗೆಯಬೇಕೆಂದು ಹೊರಟರು. ಕೇಳದೆ ಒಳಗೆ ಹೋಗಬಾರದೆಂದು ಅರ್ಜಿ ಬರೆದುಕೊಂಡು ಹೋದರು. ಅದೇ ಅವರ ಅಪರಾಧವಾಯಿತೋ ಏನೋ! ಒಂದು ಕಚೇರಿ ‘ಜಾಗ ಕಂದಾಯದ್ದು’ ಎಂದಿತು. ಇನ್ನೊಂದು ‘ನೋಡಿಕೊಳ್ಳುವವರು ನಾವಲ್ಲ’ ಎಂದಿತು. ಮೂರನೆಯದು ‘ಪೊಲೀಸರ ಆಕ್ಷೇಪವಿಲ್ಲವೆಂದು ಬರೆಸಿಕೊಂಡು ಬನ್ನಿ’ ಎಂದಿತು. ಪೊಲೀಸರು ‘ಮೊದಲು ಜಾಗದವರ ಒಪ್ಪಿಗೆ ತನ್ನಿ’ ಎಂದರು. ಗಾಣದ ಎತ್ತಿನಂತೆ ಸುತ್ತಿದ್ದಾಯಿತು. ಕೊನೆಗೆ ಸಿಕ್ಕಿದ್ದು ಬಾಯಿಮಾತು: ‘ಆಗುವುದಿಲ್ಲ, ಜನರ ಭಾವನೆಗೆ ನೋವಾಗುತ್ತದೆ.’ ಅದನ್ನಾದರೂ ಬರೆದುಕೊಡಿ ಸ್ವಾಮಿ ಎಂದರೆ ಅದೂ ಆಗುವುದಿಲ್ಲವಂತೆ.

ತೂಕದ ಕಲ್ಲಿಗೆ ಮುದ್ರೆ ಹಾಕಿಸಲು, ಅಂಗಡಿಯ ಲೈಸೆನ್ಸು ನವೀಕರಿಸಲು ಅಲೆದ ವ್ಯಾಪಾರಿ ಬಂಧುಗಳಿಗೆ ಈ ರಾಗ ಹೊಸದಲ್ಲ. ಆದರೆ ‘ಭಾವನೆ’ ಎಂಬ ಮಾತನ್ನು ನಾವು ಹಾಗೆಯೇ ಬಿಡಲಾರೆವು. ಸತ್ತವರ ಜಾಗದ ಮರ್ಯಾದೆಗೆ ಕಾನೂನು ಹೊಸದೇನಲ್ಲ. ಹಳೆಯ ದಂಡಸಂಹಿತೆಯ 297ನೇ ಕಲಮು ಇತ್ತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು ಅದರ ಸ್ಥಾನಕ್ಕೆ ಬಂದಿದೆ. ಹೆಣ ಹೂಳುವ ಜಾಗಕ್ಕೆ ಅತಿಕ್ರಮಿಸಿದವನಿಗೆ ಒಂದು ವರ್ಷದವರೆಗೆ ಶಿಕ್ಷೆ. ಆದರೆ ಯಾವಾಗ? ಅನ್ಯರ ಮನಸ್ಸು ನೋಯಿಸುವ ಉದ್ದೇಶವಿದ್ದಾಗ, ಇಲ್ಲವೆ ನೋಯುತ್ತದೆಂದು ತಿಳಿದೂ ಮಾಡಿದಾಗ. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವನ ಉದ್ದೇಶ ಯಾವುದೆಂದು ಅಧಿಕಾರಿ ಮಹಾಶಯರೇ ಹೇಳಲಿ.

2014ರ ಡಿಸೆಂಬರ್ 6ರಂದು, ಅಂಬೇಡ್ಕರರು ತೀರಿಕೊಂಡ ದಿನ, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಮೂಢನಂಬಿಕೆಯ ವಿರುದ್ಧ ರಾತ್ರಿ ತಂಗಿದರು. ಪಕ್ಷ ಬೇರೆಯಾದರೂ ಅದನ್ನು ಒಳ್ಳೆಯ ಕೆಲಸವೆಂದೇ ನಾವು ಎಣಿಸುತ್ತೇವೆ. ಅದರ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬಂದವು. ಸಚಿವರ ಸುತ್ತ ನಿಂತ ಕ್ಯಾಮರಾ ತಾಳಿಕೊಂಡ ಮಸಣದ ಭಾವನೆ, ನೂಲುವ ಖಾತೆಯ ಹುಡುಗನ ಮೊಬೈಲು ಕ್ಯಾಮರಾ ಕಂಡೊಡನೆ ಘಾಸಿಯಾಗುವುದೇಕೆ?

ಏಕೆಂದರೆ ಈ ಕ್ಯಾಮರಾ ತೋರಿಸುವುದು ಬೇರೆ. ಗುಣಿ ತೋಡುವವನ ಬರಿಗೈ, ಬರಿಗಾಲು, ನೀರಿಲ್ಲದ ನಲ್ಲಿ, ಬಿದ್ದುಹೋದ ಆವರಣದ ಗೋಡೆ ಮತ್ತು ಅದರಾಚೆ ಒತ್ತುವರಿಯಾದ ಭೂಮಿ. 2021ರ ಮೇ ತಿಂಗಳನ್ನು ಓದುಗರು ಮರೆತಿರಲಾರರು. ಬೆಂಗಳೂರು ಚಾಮರಾಜಪೇಟೆಯ ಚಿತಾಗಾರದ ಬಾಗಿಲಿಗೆ ಅಂದು ‘ಹೌಸ್‌ಫುಲ್’ ಎಂಬ ಹಲಗೆ ತೂಗಿತು. ಟಾಕೀಸಿನ ಹಲಗೆ ಮಸಣಕ್ಕೆ ಬಂದಾಗ ಸುಮ್ಮನಿದ್ದವರು, ಈಗ ಸಿನಿಮಾದವರು ಮಸಣಕ್ಕೆ ಬರಬಾರದೆನ್ನುತ್ತಾರೆ! ಆ ದಿನಗಳಲ್ಲಿ ಹಗಲಿರುಳು ಹೆಣ ಸುಟ್ಟ, ಹೂತ ಕೈಗಳು ಯಾರವು? ಮಸಣ ಕಾರ್ಮಿಕರು ಸಂಘ ಕಟ್ಟಿಕೊಂಡು ಕೂಲಿ, ಪಿಂಚಣಿ ಕೊಡಿರೆಂದು ಕೇಳುತ್ತಲೇ ಬಂದಿದ್ದಾರೆ. ಹಳ್ಳಿಹಳ್ಳಿಗೂ ಸ್ಮಶಾನದ ಭೂಮಿ ಕೊಡಿರೆಂದು ಹೈಕೋರ್ಟು 2019ರಲ್ಲಿ ಆಜ್ಞೆ ಮಾಡಿತು. ಅದು ನಡೆಯಲಿಲ್ಲವೆಂದು ಮತ್ತೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಹೂಳಲು ಮೂರು ಮೊಳ ನೆಲ ಕೊಡದವರು ಸತ್ತವರ ಮರ್ಯಾದೆಯ ಮಾತಾಡುವುದನ್ನು ಕೇಳಿದರೆ ಸತ್ತವರೂ ನಕ್ಕಾರು.

ನಮ್ಮ ನಾಡಿಗೆ ಮಸಣದ ಕಥೆ ಹೇಳಿಕೊಟ್ಟವನು ರಾಘವಾಂಕ. ವೀರಬಾಹುವಿನ ಆಳಾಗಿ ಮಸಣ ಕಾಯುವ ಹರಿಶ್ಚಂದ್ರ, ಸುಂಕ ಕೊಡದೆ ಮಗನ ಹೆಣವನ್ನೂ ಸುಡಗೊಡನು. 1965ರಲ್ಲಿ ರಾಜಕುಮಾರ್ ಆ ವೇಷ ಹಾಕಿದಾಗ ಟಾಕೀಸುಗಳಲ್ಲಿ ಜನ ಬಿಕ್ಕಿ ಅತ್ತರು. ಮಸಣ ತೋರಿಸಿದ್ದಕ್ಕೆ ಯಾರ ಭಾವನೆಯೂ ಕೆಡಲಿಲ್ಲ. ಈಗ ಆ ಬಾಗಿಲಲ್ಲಿ ಕುಳಿತಿರುವ ವೀರಬಾಹುಗಳೇ ಬೇರೆ. ಹಳಬನದು ಗೊತ್ತಾದ ಸುಂಕವಾಗಿತ್ತು. ಇವರದು ಎಷ್ಟು, ಯಾರಿಗೆ, ಮೇಜಿನ ಮೇಲೋ ಕೆಳಗೋ ಎಂಬುದೇ ತಿಳಿಯದು.

ನಿಯಮ ಮಾಡುವುದು ಕಷ್ಟವೇ? ವಿಜಯಪುರದ ಗೋಲಗುಂಬಜ್ ಎಂದರೇನು? ಮಹಮ್ಮದ್ ಆದಿಲ್ ಶಹನ ಗೋರಿ. ಅಂಥ ಸಂರಕ್ಷಿತ ಸ್ಮಾರಕದಲ್ಲಿ ಚಿತ್ರೀಕರಣ ಮಾಡಲು 1959ರ ನಿಯಮಗಳಲ್ಲಿ ಅರ್ಜಿಯ ನಮೂನೆಯಿದೆ, ಶುಲ್ಕವಿದೆ. ದೊಡ್ಡ ಬಂಡವಾಳದ ಚಿತ್ರಗಳ ಅನುಕೂಲಕ್ಕೆ ಕೇಂದ್ರ ಸರ್ಕಾರ 2015ರಲ್ಲಿ ಒಂದು ಕಚೇರಿಯನ್ನೇ ತೆರೆದು ಏಕಗವಾಕ್ಷಿಯ ಮಾತಾಡಿತು. ಸುಲ್ತಾನನ ಗೋರಿಗೆ ನಮೂನೆ, ಕೋಟಿ ಸುರಿಯುವವನಿಗೆ ಕಿಟಕಿ. ನಮ್ಮ ಅಪ್ಪ ಅಜ್ಜಂದಿರ ಗುಣಿಗಳಿಗೆ ಮಾತ್ರ ಗುಮಾಸ್ತರ ಮುಖಭಾವವೇ ಕಾನೂನು.

ಕೆ.ಎ. ಅಬ್ಬಾಸರು ನಾಲ್ಕು ನಗರಗಳ ಸಿರಿವಂತಿಕೆ ಬಡತನಗಳನ್ನು ಎದುರುಬದುರು ಇಟ್ಟು ತೋರಿಸಿದ್ದೂ ಒಂದು ಕಿರುಚಿತ್ರವೇ. ಸೆನ್ಸಾರಿನವರು ತಕರಾರು ಮಾಡಿದ್ದಕ್ಕೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಕೋರ್ಟು ಸೆನ್ಸಾರನ್ನು ಎತ್ತಿಹಿಡಿಯಿತು, ನಿಜ; ಅದು ನಮಗೆ ಹಿಡಿಸಿದ ತೀರ್ಪಲ್ಲ. ಆದರೆ ತೀರ್ಮಾನಕ್ಕೆ ಕಾಲದ ಗಡುವು ಬೇಕು, ಮೇಲ್ಮನವಿಗೆ ಜಾಗ ಬೇಕು ಎಂಬುದನ್ನು ಆ ಮೊಕದ್ದಮೆಯಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ದಿಲ್ಲಿ ಒಪ್ಪಿದ್ದು ನಮ್ಮ ಊರಿಗೆ ಇನ್ನೂ ತಲುಪಿಲ್ಲ.

ಕ್ಯಾಮರಾ ಹಿಡಿದವನಿಗೆ ಹಂಗಿಲ್ಲವೆಂದು ನಾವು ಹೇಳುತ್ತಿಲ್ಲ. ಖಬರಸ್ತಾನವಾದರೆ ಮುತವಲ್ಲಿ ಅಥವಾ ಕಮಿಟಿಯವರನ್ನು, ಕ್ರೈಸ್ತರ ಸ್ಮಶಾನವಾದರೆ ಚರ್ಚಿನ ಹಿರಿಯರನ್ನು, ಒಂದು ಜನಾಂಗದ ರುದ್ರಭೂಮಿಯಾದರೆ ಆ ಜನಾಂಗದವರನ್ನು ಕೇಳಿಯೇ ಒಳಗೆ ಕಾಲಿಡಬೇಕು. ಅವರು ಬೇಡವೆಂದರೆ ಬೇಡ. ಹೆಣ ಬಂದ ಗಳಿಗೆಯಲ್ಲಿ ಕ್ಯಾಮರಾ ಮುಚ್ಚಿ ಪಕ್ಕಕ್ಕೆ ನಿಲ್ಲಬೇಕು. ಸಾಧ್ಯವಾದರೆ ಹೆಗಲು ಕೊಡಬೇಕು. ಗೋರಿಯ ಮೇಲಿನ ಹೆಸರನ್ನು ಮನೆಯವರ ಒಪ್ಪಿಗೆಯಿಲ್ಲದೆ ತೋರಿಸಕೂಡದು. ನಿಂಬೆಹಣ್ಣು, ಬುರುಡೆ ಇಟ್ಟು ದೆವ್ವದ ಆಟ ಕಟ್ಟುವವರ ಮೇಲೆ ನಮಗೆ ಪ್ರೀತಿಯೇನಿಲ್ಲ. ಆದರೆ ಅಂಥವರನ್ನು ತಡೆಯುವ ಹೆಸರಿನಲ್ಲಿ ದುಡಿಮೆಯ ಚಿತ್ರ ತೆಗೆಯುವವನನ್ನು ಹೊರಗಟ್ಟುವುದು ಯಾವ ನ್ಯಾಯ?

ಸಾರ್ವಜನಿಕ ಸ್ಮಶಾನಕ್ಕೆ ಸಂಬಂಧಿಸಿ ನಾವು ಪೌರಾಡಳಿತವನ್ನು ಕೇಳುವುದಿಷ್ಟು. ಅಪ್ಪಣೆ ಕೊಡುವ ಅಧಿಕಾರಿ ಯಾರೆಂಬುದನ್ನು ಕಚೇರಿಯ ಹಲಗೆಯ ಮೇಲೆ ಬರೆದು ಹಾಕಿರಿ. ಸಕಾಲ ಕಾಯ್ದೆಯ ಮಾದರಿಯಲ್ಲಿ ಏಳು ದಿನದ ಗಡುವು ಇಡಿರಿ. ನಿರಾಕರಿಸಿದರೆ ಕಾರಣ ಬರೆದುಕೊಡಿರಿ. ವ್ಯಾಪಾರದ ಚಿತ್ರಕ್ಕೆ ಬೇಕಾದಷ್ಟು ಶುಲ್ಕ ಹಾಕಿರಿ, ಅದು ನೇರವಾಗಿ ಗುಣಿ ತೋಡುವವರ ಕೂಲಿಗೆ, ಕೈಗವಸು ಬೂಟುಗಳಿಗೆ ಹೋಗಲಿ. ವಿದ್ಯಾರ್ಥಿಗಳಿಂದ, ಕಾರ್ಮಿಕ ಸಂಘಗಳಿಂದ ಕಾಸು ತೆಗೆದುಕೊಳ್ಳಬೇಡಿರಿ. ಅಪ್ಪಣೆ ಕೊಡುವ ನಿಯಮ ಯಾವುದು, ಇಲ್ಲದಿದ್ದರೆ ಏಕಿಲ್ಲ ಎಂದು 2005ರ ಮಾಹಿತಿ ಹಕ್ಕಿನ ಕಾಯ್ದೆಯ ಪ್ರಕಾರ ಕೇಳುವ ಅರ್ಜಿ ಸಿದ್ಧವಾಗಿದೆ. ಬೇಡಿಕೆಯ ಮನವಿ ಪತ್ರವೂ ನಮ್ಮ ಕಚೇರಿಯಲ್ಲಿದೆ. ಸಹಿ ಹಾಕುವವರು ಪಾಳಿ ಮುಗಿಸಿಯೋ ಅಂಗಡಿ ಮುಚ್ಚಿಯೋ ಬರಬಹುದು. ರಾತ್ರಿ ಒಂಬತ್ತರವರೆಗೂ ಬಾಗಿಲು ತೆಗೆದಿರುತ್ತದೆ.