ರಾಜೀನಾಮೆಗೂ ಮುಂಚಿನ ಸಹಿ

ಕೆಲಸ ಬಿಡುವ ಮಾತನ್ನು ಫ್ಲ್ಯಾಟ್ ಬುಷ್‌ನಲ್ಲಿ ಬಾಯಿಬಿಟ್ಟು ಆಡುವವರು ಕಡಿಮೆ, ಮನಸ್ಸಿನಲ್ಲೇ ಆಡಿಕೊಳ್ಳದವರು ಇನ್ನೂ ಕಡಿಮೆ. ಆಕ್ಲೆಂಡ್‌ನ ಆಗ್ನೇಯ ಅಂಚಿನ ಈ ಬಡಾವಣೆ ಈ ಶತಮಾನದ ಆರಂಭದವರೆಗೂ ಬಹುಪಾಲು ದನ ಮೇಯುವ ಬಯಲಾಗಿತ್ತು. ಈಗ ಬ್ಯಾರಿ ಕರ್ಟಿಸ್ ಪಾರ್ಕಿನ ಸುತ್ತ, ಆರ್ಮಿಸ್ಟನ್ ರಸ್ತೆಯ ಉದ್ದಕ್ಕೂ ಒತ್ತೊತ್ತಾಗಿ ಎದ್ದ ಎರಡಂತಸ್ತಿನ ಹೊಸ ಮನೆಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದವರು, ಮೈಸೂರಿನಲ್ಲಿ ಪಾಠ ಹೇಳುತ್ತಿದ್ದವರು, ಮಂಗಳೂರಿನಲ್ಲಿ ನರ್ಸ್ ಆಗಿದ್ದವರು ಇಲ್ಲಿ ಒಂದೇ ಬೀದಿಯವರು. ಒಮ್ಮೆ ದೇಶ ಬದಲಿಸಿದವರು ಇವರು. ಬಂದ ಹೊಸದರಲ್ಲಿ ಹಲವರು ಕೆಲಸವನ್ನೂ ಬದಲಿಸಿದ್ದಾರೆ. ಆದರೆ ಅದು ಸಿಕ್ಕಿದ್ದಕ್ಕೆ ಹೊಂದಿಕೊಂಡದ್ದು. ಜನ್ಮದಲ್ಲಿ ಮೊಟ್ಟೆ ಮುಟ್ಟದವರು ಸೂಪರ್‌ಮಾರ್ಕೆಟ್ಟಿನ ಮಾಂಸದ ಕೌಂಟರಿನಲ್ಲಿ ನಿಂತದ್ದೂ ಉಂಟು. ಮನಸ್ಸಿಗೆ ಒಪ್ಪುವ ಕೆಲಸಕ್ಕಾಗಿ ಇನ್ನೊಮ್ಮೆ ಬದಲಿಸುವುದು ಬೇರೆಯೇ ಸಂಗತಿ.

ನಿಮ್ಮ ಮೌಲ್ಯಗಳಿಗೆ ಹೊಂದುವ ಕೆಲಸ ಹುಡುಕಿಕೊಳ್ಳಿ ಎಂಬ ಉಪದೇಶಕ್ಕೆ ಇಂದು ಬರವಿಲ್ಲ. ಈ ಉಪದೇಶ ಮಾಡುವವರು ಒಂದನ್ನು ಗೃಹೀತ ಹಿಡಿದಿರುತ್ತಾರೆ: ಅಡ್ಡಿಯಾಗಿರುವುದು ಧೈರ್ಯದ ಕೊರತೆ ಎಂದು. ನನಗೆ ಹಾಗೆ ಕಾಣುವುದಿಲ್ಲ. ಕೆಲಸ ಬಿಡುವ ಸ್ವಾತಂತ್ರ್ಯ ಬಹುಮಟ್ಟಿಗೆ ತೀರ್ಮಾನವಾಗುವುದು ರಾಜೀನಾಮೆ ಬರೆಯುವ ದಿನವಲ್ಲ, ಅದಕ್ಕೂ ಎಷ್ಟೋ ವರ್ಷ ಮೊದಲು ಮನೆ ಸಾಲದ ಪತ್ರಕ್ಕೆ ಸಹಿ ಹಾಕಿದ ದಿನ. ಸಾಲದ ಮಾತಿಗೆ ಬರುವ ಮುಂಚೆ, ನಾವು ಒಂದೇ ಎಂದುಕೊಂಡಿರುವ ಎರಡು ಬಗೆಯ ಸಂಕಟಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಮಾರುವ ಸರಕಿನಲ್ಲೇ ದೋಷವಿರುವಂಥದು. ಇಲ್ಲಿ ಮೂಲೆಯಂಗಡಿಗೆ ಡೈರಿ ಎನ್ನುತ್ತಾರೆ. ದಕ್ಷಿಣ ಆಕ್ಲೆಂಡ್‌ನಲ್ಲಿ ಇಂಥ ಅಂಗಡಿ ನಡೆಸುವವರಲ್ಲಿ ಬಹಳ ಮಂದಿ ಭಾರತೀಯರು. ನನಗೆ ಪರಿಚಯದ ಒಬ್ಬರು ನಮ್ಮ ಕಡೆಯವರೇ. ಗಲ್ಲಾಪೆಟ್ಟಿಗೆಯ ಮೇಲೆ ಕುಂಕುಮ ಹಚ್ಚಿದ ಲಕ್ಷ್ಮಿಯ ಪಟ. ಅದರ ಹಿಂದೆ ಹೆಸರು, ಗುರುತು ಏನೂ ಇಲ್ಲದ ಒಂದು ಬೂದು ಕಪಾಟು. 2012ರ ಜುಲೈಯಿಂದ ಇಲ್ಲಿ ಸಿಗರೇಟನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ ಇಡುವಂತಿಲ್ಲ. ಗಿರಾಕಿ ಹೆಸರು ಹೇಳಿದಾಗ ಇವರು ಬೆನ್ನು ತಿರುಗಿಸಿ, ಬಾಗಿಲು ಸರಿಸಿ, ಒಂದು ಪ್ಯಾಕ್ ತೆಗೆದು, ಕೂಡಲೇ ಮುಚ್ಚುತ್ತಾರೆ. ಪ್ಯಾಕಿನ ಮೇಲೆ ಕೊಳೆತ ಕಾಲಿನದೋ ಕೆಟ್ಟ ಶ್ವಾಸಕೋಶದ್ದೋ ಚಿತ್ರ. ಅವರು ಅದನ್ನು ಮಗುಚಿ ಇಟ್ಟು ಕೊಡುತ್ತಾರೆ. ಪ್ಯಾಕಿನ ಹಿಂದೆಯೂ ಚಿತ್ರವೇ. "ಹಾಲು ಬ್ರೆಡ್ಡಲ್ಲಿ ಅಂಗಡಿ ಬಾಡಿಗೆ ಹುಟ್ಟಲ್ಲ ಸಾರ್" ಎಂದರು ಒಮ್ಮೆ, ನಾನು ಏನೂ ಕೇಳದಿದ್ದರೂ.

ಇಂಥ ಕೆಲಸವನ್ನು ಒಳಗಿನಿಂದ ಸರಿಪಡಿಸಲಾಗದು. ಸಿಗರೇಟನ್ನು ನಗುಮುಖದಿಂದ ಮಾರಿದರೂ, ಸರಿಯಾದ ತೆರಿಗೆ ಕಟ್ಟಿ ಮಾರಿದರೂ ಸಿಗರೇಟು ಸಿಗರೇಟೇ. ಬೇಡವೆನಿಸಿದರೆ ಬಿಡಬೇಕು. ಆದರೆ ಬಿಡುವ ಭಾರವನ್ನೆಲ್ಲ ಒಬ್ಬ ಅಂಗಡಿಯವನ ಆತ್ಮಸಾಕ್ಷಿಯ ಮೇಲೆ ಹೊರಿಸುವುದು ಎಷ್ಟು ಸರಿ? 2022ರಲ್ಲಿ ನ್ಯೂಜಿಲೆಂಡ್ ಸಂಸತ್ತು ತಂಬಾಕು ಮಾರುವ ಅಂಗಡಿಗಳನ್ನು ಸುಮಾರು 6,000ದಿಂದ 600ಕ್ಕೆ ಇಳಿಸುವ ಕಾಯಿದೆ ಮಾಡಿತ್ತು. ಆ ಕಡಿತ ಜಾರಿಗೆ ಬರುವ ಮೊದಲೇ, 2024ರ ಫೆಬ್ರುವರಿಯಲ್ಲಿ, ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಅಂಗಡಿಯವರಲ್ಲೇ ಅನೇಕರು ಆ ಕಾಯಿದೆಯನ್ನು ವಿರೋಧಿಸಿದ್ದರು, ಅವರ ಹೊಟ್ಟೆಪಾಡಿನ ಭಯವೂ ಸುಳ್ಳಲ್ಲ. ಆದರೂ ಬಹುಪಾಲು ಅಂಗಡಿಗಳಲ್ಲಿ ಮಾರಾಟ ಒಟ್ಟಿಗೆ ನಿಂತಿದ್ದರೆ ಸಹಿಸಬಹುದಾಗಿದ್ದ ನಷ್ಟವನ್ನು ಈಗ ಮನಸ್ಸು ಕುಟುಕಿದವನೊಬ್ಬನೇ ಸಹಿಸಬೇಕು. ಅವನು ಬಿಟ್ಟ ಗಿರಾಕಿ ಮುಂದಿನ ತಿರುವಿನ ಅಂಗಡಿಗೆ ಹೋಗುತ್ತಾನೆ.

ಎರಡನೆಯ ಸಂಕಟ ಹೀಗಲ್ಲ. ಕೆಲಸ ಒಳ್ಳೆಯದೇ, ಅದನ್ನು ಮಾಡಿಸುವ ರೀತಿ ಕೆಟ್ಟದ್ದು. ವೃದ್ಧರ ರೆಸ್ಟ್ ಹೋಮ್‌ಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅಜ್ಜಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸುವುದರಲ್ಲಿ ಅವರಿಗೆ ಬೇಸರವಿಲ್ಲ. ಬೇಸರವಿರುವುದು ಒಬ್ಬಳೇ ಹತ್ತಾರು ಜನರನ್ನು ನೋಡಿಕೊಳ್ಳಬೇಕಾದ ರಾತ್ರಿ ಪಾಳಿಯ ಬಗ್ಗೆ, ಕೈಗೆ ಬರುವ ಕೂಲಿಯ ಬಗ್ಗೆ. ಇಂಥವರಿಗೂ ನಾವು ಕೊಡುವ ಸಲಹೆ ಒಂದೇ, ಬೇರೆ ಕೆಲಸ ನೋಡಿಕೊಳ್ಳಮ್ಮ ಅಂತ. ಅಂದರೆ ಮನಸ್ಸಿಗೆ ಒಪ್ಪಿದ ಕೆಲಸದಿಂದಲೇ ಅವರನ್ನು ಓಡಿಸುತ್ತಿದ್ದೇವೆ.

ಕ್ರಿಸ್ಟೀನ್ ಬಾರ್ಟ್ಲೆಟ್ ಓಡಲಿಲ್ಲ. ವೆಲಿಂಗ್ಟನ್ ಪಕ್ಕದ ಲೋವರ್ ಹಟ್ಟ್‌ನ ರೆಸ್ಟ್ ಹೋಮ್ ಒಂದರಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೂ ಆಕೆಗೆ ಸಿಗುತ್ತಿದ್ದದ್ದು ಗಂಟೆಗೆ 14.32 ಡಾಲರ್. 2012ರಲ್ಲಿ ಯೂನಿಯನ್ ಜೊತೆ ಸೇರಿ, 1972ರ ಸಮಾನ ವೇತನ ಕಾಯಿದೆಯ ಅಡಿ ದಾವೆ ಹೂಡಿದರು. ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸ ಎಂಬ ಕಾರಣಕ್ಕೇ ಈ ಕೂಲಿ ಕಡಿಮೆ ಎಂಬುದು ವಾದ. ಉದ್ಯೋಗ ನ್ಯಾಯಾಲಯದಲ್ಲಿ ಗೆದ್ದರು, 2014ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದರು. 2017ರಲ್ಲಿ ಸರ್ಕಾರ 200 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದು, ಸುಮಾರು 55,000 ಆರೈಕೆ ಕೆಲಸಗಾರರ ವೇತನ ಏರಿತು. ತನ್ನ ಮೌಲ್ಯಕ್ಕೆ ಹೊಂದುವ ಕೆಲಸ ಹುಡುಕುವ ಬದಲು ಇದ್ದ ಕೆಲಸವನ್ನೇ ತನ್ನ ಮೌಲ್ಯಕ್ಕೆ ಹೊಂದಿಸಿದ ಹೆಂಗಸು ಆಕೆ. ಕಥೆ ಸುಖಾಂತ್ಯವೆಂದೇನೂ ಹೇಳಲಾರೆ. 2025ರ ಮೇ ತಿಂಗಳಲ್ಲಿ ಸರ್ಕಾರ ಸಮಾನ ವೇತನ ಕಾಯಿದೆಗೆ ತುರ್ತಾಗಿ ತಿದ್ದುಪಡಿ ತಂದು, ವಿಚಾರಣೆಯಲ್ಲಿದ್ದ ಇಂಥದೇ 33 ಬೇಡಿಕೆಗಳನ್ನು ನಿಲ್ಲಿಸಿಬಿಟ್ಟಿತು. ಆದರೂ ಆಕೆಯಿಂದ ಕಲಿಯುವುದಿದೆ: ಕೆಲಸ ಬಿಡಬೇಕೆನಿಸಿದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ದೋಷ ಸರಕಿನಲ್ಲಿದೆಯೋ ಷರತ್ತಿನಲ್ಲಿದೆಯೋ ಎಂದು. ಷರತ್ತಿನಲ್ಲಿದ್ದರೆ, ಒಂದು ಸುತ್ತು ಜಗಳ ಆಡದೆ ಬಿಡುವುದು ನನ್ನ ದೃಷ್ಟಿಯಲ್ಲಿ ಅವಸರ.

ಸರಿ, ಬಿಡಲೇಬೇಕು ಎಂಬ ತೀರ್ಮಾನಕ್ಕೆ ಬಂದಾಯಿತು ಎನ್ನಿ. ಆಗ ಎದುರಾಗುವುದು ಮಾರ್ಗೇಜ್. ನ್ಯೂಜಿಲೆಂಡಿನ ರಿಸರ್ವ್ ಬ್ಯಾಂಕ್ ತನ್ನ ಬಡ್ಡಿದರವನ್ನು 2021ರ ಅಕ್ಟೋಬರ್ ಆರಂಭದಲ್ಲಿದ್ದ ಶೇ. 0.25ರಿಂದ 2023ರ ಮೇ ಹೊತ್ತಿಗೆ ಶೇ. 5.5ಕ್ಕೆ ಏರಿಸಿತು. ಏಳು ಲಕ್ಷ ಡಾಲರ್ ಸಾಲವನ್ನು ಮೂವತ್ತು ವರ್ಷಕ್ಕೆ ಶೇ. 2.5ರ ಬಡ್ಡಿಯಲ್ಲಿ ತೆಗೆದರೆ ತಿಂಗಳ ಕಂತು ಸುಮಾರು 2,770 ಡಾಲರ್. ಬಡ್ಡಿ ಶೇ. 7 ಆದರೆ ಅದೇ ಸಾಲಕ್ಕೆ ಸುಮಾರು 4,660. ಮನೆ ಅದೇ, ಗೋಡೆ ಅದೇ, ಸಂಬಳವೂ ಹೆಚ್ಚುಕಮ್ಮಿ ಅದೇ. ಕೋಡ್ ಬರೆಯುವುದು ಬಿಟ್ಟು ಹೈಸ್ಕೂಲ್ ಗಣಿತದ ಮೇಷ್ಟರಾಗುವೆ ಎಂದುಕೊಂಡವರು ಈ ವ್ಯತ್ಯಾಸದಲ್ಲೇ ಮುಳುಗಿಹೋದರು. ಮೇಷ್ಟರಾಗಲು ಬೇಕಾದ ತರಬೇತಿ ಒಂದೇ ವರ್ಷದ್ದು. ಆ ಒಂದು ವರ್ಷ ಸಂಬಳವಿಲ್ಲದೆ ಕಳೆಯುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಬ್ಯಾಂಕಿನವರು ಎಷ್ಟು ಸಾಲ ಕೊಡಬಲ್ಲೆವೆಂದು ಲೆಕ್ಕ ಹಾಕುವುದು ಗಂಡ ಹೆಂಡತಿ ಇಬ್ಬರೂ ಈಗಿನ ಕೆಲಸದಲ್ಲೇ ಇರುತ್ತಾರೆಂದು. ಆ ಮಿತಿಯ ತುದಿಯವರೆಗೂ ಸಾಲ ತೆಗೆದವರು, ಅರಿವಿಲ್ಲದೆಯೇ, ಮೂವತ್ತು ವರ್ಷ ಕೆಲಸ ಬಿಡುವುದಿಲ್ಲವೆಂದು ಬರೆದುಕೊಟ್ಟ ಹಾಗೆ.

ಕೆಲಸ ಬಿಟ್ಟು ಮನಸ್ಸಿನ ದಾರಿ ಹಿಡಿದವರ ಕಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಗಿರೀಶ ಕಾರ್ನಾಡರು 1970ರಲ್ಲಿ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಹುದ್ದೆ ಬಿಟ್ಟರು. ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು ಹಾಸನ ಜಿಲ್ಲೆಯ ಜಾವಗಲ್ ಬಳಿ ಬೇಸಾಯಕ್ಕೆ ಇಳಿದರು. ಹೇಳುವಾಗ ನಾವು ಧೈರ್ಯದ ಭಾಗವನ್ನು ಮಾತ್ರ ಹೇಳುತ್ತೇವೆ. ಕಾರ್ನಾಡರಿಗೆ ಆಗ ಎರಡು ವರ್ಷದ ಹೋಮಿ ಭಾಭಾ ಫೆಲೋಶಿಪ್ ಇತ್ತು. ಗೋಪಿನಾಥರಿಗೆ ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಕುಟುಂಬದ ಜಮೀನಿಗೆ ಬದಲಾಗಿ ಸಿಕ್ಕ ಭೂಮಿ ಇತ್ತು. ಇದರಿಂದ ಅವರ ಧೈರ್ಯ ಕಿರಿದಾಗುವುದಿಲ್ಲ. ಕಾಲಿಡಲು ಒಂದಿಷ್ಟು ನೆಲ ಇದ್ದವರ ಧೈರ್ಯ ಅದು, ಅಷ್ಟೆ.

ಆ ನೆಲವನ್ನು ಮುಂಚೆಯೇ ಉಳಿಸಿಕೊಳ್ಳುವುದು ಹೇಗೆಂಬುದಕ್ಕೆ ನನಗೆ ಹೊಳೆಯುವುದು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಕಳುಹಿಸಿದಳು. ಇದನ್ನು ದುರಾಸೆಯ ವಿರುದ್ಧದ ಪಾಠವೆಂದು ಶಾಲೆಯಲ್ಲಿ ಓದಿದ್ದೇವೆ. ನನಗೆ ಇದು ಮನೆಯ ಲೆಕ್ಕಪತ್ರವಾಗಿ ಕಾಣುತ್ತದೆ. ಇವತ್ತಿಗೆ ಬೇಕಾದದ್ದು ಎಷ್ಟೆಂದು ಗೊತ್ತಿದ್ದ ಮನೆ ಯಾರ ಅಂಗಳಕ್ಕೂ ಕಟ್ಟುಬಿದ್ದಿರಲಿಲ್ಲ, ಅದು ಬಸವಣ್ಣನ ಅಂಗಳವೇ ಆಗಿದ್ದರೂ. ಹಾಗೆಂದು ಲಕ್ಕಮ್ಮನ ಹೆಸರು ಹೇಳಿ ಆಕ್ಲೆಂಡ್‌ನಲ್ಲಿ ಬಾಡಿಗೆ ಕಟ್ಟಲಾಗುವುದಿಲ್ಲ. ಐದು ಬೆಡ್‌ರೂಮಿನ ಮನೆಯೋ ಮೂರರದೋ ಎಂಬಲ್ಲಿ ಮಾತ್ರ ಆಕೆಯನ್ನು ಕೇಳಬಹುದು. ಮಕ್ಕಳಿಬ್ಬರಿಗೆ ಐದು ಬೆಡ್‌ರೂಮು ಯಾಕೆ ಬೇಕು? ಊರಿಂದ ಅಪ್ಪ ಅಮ್ಮ ಬರುತ್ತಾರೆ ಎನ್ನುತ್ತಾರೆ. ಅವರು ಬರುವುದು ಎರಡು ವರ್ಷಕ್ಕೊಮ್ಮೆ, ಚಳಿಗೆ ಹೆದರಿ ಬೇಸಿಗೆಯಲ್ಲಿ.

ಸಾಲ ತೆಗೆಯುವ ಅವಕಾಶವೂ ಇಲ್ಲದವರು ಇನ್ನೊಂದು ಗುಂಪು. 2022ರ ಜುಲೈಯಲ್ಲಿ ಆರಂಭವಾದ ಅಕ್ರೆಡಿಟೆಡ್ ಎಂಪ್ಲಾಯರ್ ವರ್ಕ್ ವೀಸಾದಲ್ಲಿ ಬಂದವರ ಪರವಾನಗಿ ಒಬ್ಬ ಮಾಲೀಕ, ಒಂದು ಹುದ್ದೆಗೆ ಕಟ್ಟಿರುತ್ತದೆ. ಮಾಲೀಕ ಬದಲಾಗಬೇಕಾದರೆ ಇಮಿಗ್ರೇಷನ್‌ಗೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಇವರಿಗೆ ಮೌಲ್ಯದ ಉಪದೇಶ ಮಾಡುವುದು ಅಸಭ್ಯ. ಇವರಿಗೆ ಬೇಕಿರುವುದು ಸಡಿಲವಾದ ವೀಸಾ ನಿಯಮ. ರೆಸಿಡೆನ್ಸಿ ಸಿಕ್ಕಿದ ನಾವು ಕನ್ನಡ ಕೂಟದ ಯುಗಾದಿಗೆ ಸಂಸದರನ್ನು ಕರೆದು ಶಾಲು ಹೊದಿಸಿದಾಗಲಾದರೂ ಆ ಮಾತು ಎತ್ತಬೇಕು. ಎತ್ತಿದ್ದನ್ನು ನಾನು ಇನ್ನೂ ಕೇಳಿಲ್ಲ.

ಉಳಿದವರಿಗೆ ನನ್ನದೊಂದು ಕೋರಿಕೆ. ಇಲ್ಲಿನ ಮನೆ ಸಾಲಗಳಲ್ಲಿ ಹೆಚ್ಚಿನವುಗಳ ಬಡ್ಡಿ ಕೆಲವೇ ವರ್ಷಗಳ ಮಟ್ಟಿಗೆ ಗೊತ್ತುಮಾಡಿದ್ದು. ಅವಧಿ ಮುಗಿಯುವಾಗ, ಬಡ್ಡಿಯನ್ನು ಮತ್ತೆ ಗೊತ್ತುಮಾಡಿಕೊಳ್ಳಲು ಬ್ಯಾಂಕಿನಿಂದ ರೀಫಿಕ್ಸ್ ಪತ್ರ ಬರುತ್ತದೆ. 2024ರ ಆಗಸ್ಟ್‌ನಿಂದ ಬಡ್ಡಿ ಇಳಿಯತೊಡಗಿದ ಮೇಲೆ ಆ ಪತ್ರ ಬಂದ ಮನೆಗಳಲ್ಲಿ ಹೊಸ ಕಾರಿನ, ಹೊಸ ಅಡುಗೆಮನೆಯ ಮಾತು ಶುರುವಾಗಿದೆ. ಅದಕ್ಕೂ ಮೊದಲು ಗಂಡ ಹೆಂಡತಿ ಕೂತು, ಒಂದೇ ಸಂಬಳದಲ್ಲಿ ಮನೆ ಎಷ್ಟು ತಿಂಗಳು ನಡೆದೀತು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಯಾರ ಕೆಲಸ ಯಾರಿಗೆ ಒಗ್ಗುತ್ತಿಲ್ಲ ಎಂಬುದೂ ಆಗಲೇ ಹೊರಬೀಳುತ್ತದೆ. ಏಳು ಲಕ್ಷದ ಸಾಲದ ಬಡ್ಡಿ ಶೇ. 7ರಿಂದ 5ಕ್ಕೆ ಇಳಿದರೆ ತಿಂಗಳಿಗೆ ಸುಮಾರು 900 ಡಾಲರ್ ಉಳಿಯುತ್ತದೆ. ಎರಡು ವರ್ಷ ಅದನ್ನು ಮುಟ್ಟದೆ ಬೇರೆ ಖಾತೆಗೆ ಹಾಕಿದರೆ 21,600 ಡಾಲರ್. ಮೇಷ್ಟರಾಗಬೇಕೆನ್ನುವವರ ಸಂಬಳವಿಲ್ಲದ ಆ ಒಂದು ವರ್ಷಕ್ಕೆ ಇದು ಪೂರ್ತಿ ಸಾಲದು, ಆದರೆ ಹೆಂಡತಿಯದೋ ಗಂಡನದೋ ಸಂಬಳದ ಜೊತೆ ಸೇರಿದರೆ ಸಾಲಬಹುದು.