ಆರು ಮತಗಳಲ್ಲಿ ಒಂದು

ಸಭೆಯೆಲ್ಲ ಕೈ ಎತ್ತಿದಾಗ ತನ್ನ ಕೈಯನ್ನು ಕೆಳಗಿಟ್ಟು ಕೂರುವುದು ಸುಲಭವಲ್ಲ. 1837ರ ಜನವರಿಯಲ್ಲಿ ಅಮೆರಿಕದ ಇಲಿನಾಯ್ ಶಾಸನಸಭೆಯು ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯ ಮಾಡಿತು. ಪರವಾಗಿ 77 ಮತ, ವಿರುದ್ಧವಾಗಿ 6. ಆ ಆರರಲ್ಲಿ ಒಂದು, 27 ವರ್ಷದ ಅಬ್ರಹಾಂ ಲಿಂಕನ್ನರದು.

ರಾಷ್ಟ್ರಾಧ್ಯಕ್ಷ ಲಿಂಕನ್ನರನ್ನು ಎಲ್ಲರೂ ಬಲ್ಲರು. ನಾನಿಲ್ಲಿ ನೆನೆಯುತ್ತಿರುವುದು ಅದಕ್ಕೂ ಮೊದಲಿನ, ಸಣ್ಣ ಊರಿನ ಲಿಂಕನ್ನರನ್ನು. 1832ರ ಬ್ಲ್ಯಾಕ್ ಹಾಕ್ ಯುದ್ಧಕ್ಕೆ ಹೊರಟಾಗ ಜೊತೆಯ ಸ್ವಯಂಸೇವಕರೇ ಅವರನ್ನು ನಾಯಕನನ್ನಾಗಿ ಆರಿಸಿದರು. ಆದರೆ ಅವರು ಕಾಳಗವನ್ನೇ ಕಾಣಲಿಲ್ಲ. ಅದೇ ವರ್ಷ ಚುನಾವಣೆಯಲ್ಲಿ ಸೋತರು. ಆದರೂ ಸ್ವಂತ ಊರು ನ್ಯೂ ಸೇಲಂನ 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. ಪಾಲುದಾರಿಕೆಯ ಅಂಗಡಿ ಮುಳುಗಿ, ಪಾಲುದಾರನೂ ತೀರಿಕೊಂಡಾಗ ಆತನ ಪಾಲಿನ ಸಾಲವನ್ನೂ ತಾವೇ ಹೊತ್ತು ವರ್ಷಗಟ್ಟಲೆ ತೀರಿಸಿದರು. 1834ರಲ್ಲಿ ಶಾಸಕರಾದರು. ಎರವಲು ಪುಸ್ತಕ ಓದಿ 1836ರಲ್ಲಿ ವಕೀಲಿ ಪರವಾನಗಿ ಪಡೆದರು.

ವಿರುದ್ಧ ಮತ ಹಾಕಿ ಅವರು ಸುಮ್ಮನಾಗಲಿಲ್ಲ. ಮಾರ್ಚ್ 3ರಂದು ಡ್ಯಾನ್ ಸ್ಟೋನ್ ಎಂಬ ಒಬ್ಬರೇ ಸಹಶಾಸಕರ ಜೊತೆಗೂಡಿ, ಗುಲಾಮಗಿರಿ ಅನ್ಯಾಯವೆಂದು ಸದನದ ದಾಖಲೆಗೇ ಬರೆಸಿದರು. ಅದೇ ಬರಹದಲ್ಲಿ, ಗುಲಾಮಗಿರಿ ರದ್ದತಿಯ ಪ್ರಚಾರದಿಂದ ಕೇಡು ಹೆಚ್ಚುತ್ತದೆಂದೂ ಹೇಳಿದ್ದರು. ಅಳೆದು ತೂಗಿದ ಧೈರ್ಯ ಅದು.

ಅವರನ್ನು ದೇವರು ಮಾಡಿ ಕೂರಿಸಬೇಕಿಲ್ಲ. 1841ರಲ್ಲಿ ನ್ಯಾನ್ಸ್ ಎಂಬ ಕಪ್ಪು ಮಹಿಳೆ ಸ್ವತಂತ್ರಳೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದ ಅದೇ ವಕೀಲರು, 1847ರಲ್ಲಿ ಒಬ್ಬ ತಾಯಿಯನ್ನೂ ನಾಲ್ಕು ಮಕ್ಕಳನ್ನೂ ಮರಳಿ ಗುಲಾಮಗಿರಿಗೆ ಎಳೆಯಬಯಸಿದ ಒಡೆಯನ ಪರ ವಾದಿಸಿದರು. ಸೋತರು. ಆ ಐವರ ಪುಣ್ಯ, ಸೋತರು.

ಬಂಧುಗಳೇ, ವಕೀಲಿಯೂ ಶಾಸಕತ್ವವೂ ಕಾಯಕಗಳೇ. ಆದರೆ ಕಕ್ಷಿದಾರನ ಹಣವೂ ಬಹುಮತದ ಗದ್ದಲವೂ ಎಂಥ ಸಜ್ಜನನನ್ನಾದರೂ ದಾರಿ ತಪ್ಪಿಸಬಲ್ಲವು. ನಮ್ಮ ಊರುಗಳಲ್ಲೂ ಕರಿಕೋಟು ತೊಟ್ಟವರಿದ್ದಾರೆ, ಸದನಕ್ಕೆ ಹೋದವರಿದ್ದಾರೆ. ಅವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸುವ ಮುನ್ನ ಒಂದು ಮಾತು ಕೇಳೋಣ: ನಿಮ್ಮವರೆಲ್ಲ ಒಂದು ಕಡೆ ನಿಂತಾಗ, ತಪ್ಪನ್ನು ತಪ್ಪೆಂದು ನೀವು ಎಲ್ಲಿ ದಾಖಲಿಸಿದ್ದೀರಿ?

ಹಾಗೆ ದಾಖಲಿಸಿದವರನ್ನು ಮುಂದಿನ ಚುನಾವಣೆಯಲ್ಲಿ ಕೈಬಿಡದಿರುವುದು ನಮ್ಮ ಹೊಣೆ. ಇಲಿನಾಯ್‌ನ ಮತದಾರರು 1838ರಲ್ಲಿ ಲಿಂಕನ್ನರನ್ನು ಮತ್ತೆ ಆರಿಸಿ ಕಳಿಸಿದ್ದರು.