ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರಿನ ನ್ಯಾಯಯುತ ಲೆಕ್ಕ

ಮದುವೆಯೊಂದರ ಸಭಾಂಗಣದ ಹೊರಗೆ ಕಾರು ನಿಲ್ಲಿಸುತ್ತಿದ್ದೆವು. ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಸಂಬಂಧಿಯೊಬ್ಬರು ಸಲಾಮ್ ಹೇಳಿದ ಬೆನ್ನಿಗೇ ಕೇಳಿದರು: ‘ಇನ್ನೂ ಇದೇ ಕಾರಾ?’ ಅದರಲ್ಲಿ ಕುಹಕವಿರಲಿಲ್ಲ. ಆದರೂ ಊಟದ ಮೇಜಿನವರೆಗೂ ಆ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ನಮ್ಮ ಸಮುದಾಯದ ಎಷ್ಟು ಕುಟುಂಬಗಳು ಇಂಥದ್ದೊಂದು ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಐದು ಅಥವಾ ಏಳು ವರ್ಷಗಳ ಸಾಲಕ್ಕೆ ಸಹಿ ಹಾಕಿರಬಹುದು? ಕಾರು ಕೆಟ್ಟದ್ದರಿಂದ ಬದಲಾಯಿಸಿದವರೆಷ್ಟು, ಕಾರಿನ ಬಗ್ಗೆ ಕೇಳಲಾದ ಮಾತಿನಿಂದ ಬದಲಾಯಿಸಿದವರೆಷ್ಟು?

ನಮ್ಮದು 2011ರ ಮೇ ತಿಂಗಳಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರು. ತಂದೆಯವರು ನಿವೃತ್ತಿಯ ಹಣದಿಂದ ಖರೀದಿಸಿದ್ದು. ಓಡಿದ್ದು 2 ಲಕ್ಷ 18 ಸಾವಿರ ಕಿಲೋಮೀಟರ್. ಉಮ್ಮನನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗಾಗಿ ಉಪ್ಪಿನಂಗಡಿಯಿಂದ ಮಂಗಳೂರಿಗೆ ಕರೆದೊಯ್ಯುವುದು ಇದೇ ಕಾರಿನಲ್ಲಿ. ಆದ್ದರಿಂದ ಇದು ಪ್ರತಿಷ್ಠೆಯ ವಿಷಯವಾಗಿ ಉಳಿದಿರಲಿಲ್ಲ. ಮಳೆಗಾಲದ ಒಂದು ರಾತ್ರಿ ಹೆದ್ದಾರಿಯ ಬದಿಯಲ್ಲಿ ಕ್ಲಚ್ ಕೈಕೊಟ್ಟು, ದಣಿದಿದ್ದ ಉಮ್ಮ ಒಂದೂವರೆ ತಾಸು ಹಿಂದಿನ ಸೀಟಿನಲ್ಲಿ ಮಲಗಿ ಕಾಯಬೇಕಾಯಿತು. ಆ ರಾತ್ರಿಯ ಬಳಿಕ ‘ರಿಪೇರಿಯೋ, ಬದಲಾವಣೆಯೋ’ ಎಂಬ ಚರ್ಚೆ ಮನೆಯೊಳಗೆ ಗಂಭೀರವಾಗಿ ಆರಂಭವಾಯಿತು.

ಗ್ಯಾರೇಜಿನವರು ಕೊಟ್ಟ ಅಂದಾಜು 46 ಸಾವಿರ ರೂಪಾಯಿ. ಕ್ಲಚ್ ಸೆಟ್, ಮುಂಭಾಗದ ಎರಡೂ ಲೋವರ್ ಆರ್ಮ್ ಮತ್ತು ಬುಷ್‌ಗಳು, ರೇಡಿಯೇಟರ್, ಇಂಧನದ ರಬ್ಬರ್ ಪೈಪುಗಳು ಅದರಲ್ಲಿ ಸೇರಿದ್ದವು. ಮಾರಿದರೆ ಕಾರಿಗೆ ಹೆಚ್ಚೆಂದರೆ 60-70 ಸಾವಿರ ಬರಬಹುದಿತ್ತು. ಇಲ್ಲಿ ಎಲ್ಲರೂ ಹೇಳುವ ಒಂದು ಸೂತ್ರವಿದೆ: ರಿಪೇರಿಯ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಕಾರನ್ನು ಮಾರಿಬಿಡಿ. ಕೇಳಲು ಜಾಣತನದಂತಿದೆ. ನಿಜವಾಗಿ, ಈ ಸೂತ್ರ ತಪ್ಪು ತಕ್ಕಡಿಯಲ್ಲಿ ತೂಗುತ್ತದೆ. 46 ಸಾವಿರವನ್ನು ಹೋಲಿಸಬೇಕಾದುದು ಹಳೆಯ ಕಾರಿನ ಮಾರುಕಟ್ಟೆ ಬೆಲೆಯೊಂದಿಗಲ್ಲ, ಅದರ ಬದಲಿಗೆ ಬರುವ ಕಾರು ನಮ್ಮಿಂದ ಕಸಿಯಲಿರುವ ಹಣದೊಂದಿಗೆ. ಈ ರಿಪೇರಿಯಿಂದ ಕಾರು ಇನ್ನೆರಡು ವರ್ಷ ಓಡಿದರೆ ಅದು ತಿಂಗಳಿಗೆ ಎರಡು ಸಾವಿರಕ್ಕಿಂತ ಕಡಿಮೆ. ಹೊಸ ಕಾರೋ? ವಿಮಾ ಕಂಪೆನಿಗಳು ಬಳಸುವ ಸವಕಳಿ ಪಟ್ಟಿಯನ್ನೇ ನೋಡಿ. ಕಾರಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅದರ ಬೆಲೆಯಲ್ಲಿ ಶೇ. 15ರಷ್ಟನ್ನು ಕಳೆಯಲಾಗುತ್ತದೆ, ಐದು ವರ್ಷ ತುಂಬುವಾಗ ಶೇ. 50. ಅಂದರೆ 6 ಲಕ್ಷದ ಕಾರು ಯಾವ ಗ್ಯಾರೇಜಿನ ಮೆಟ್ಟಿಲನ್ನೂ ಹತ್ತದೆ ಮೊದಲ ವರ್ಷದಲ್ಲೇ 90 ಸಾವಿರವನ್ನು ನುಂಗುತ್ತದೆ. ಆದರೆ ಆ ಖರ್ಚಿಗೆ ಬಿಲ್ ಬರುವುದಿಲ್ಲ. ಬಿಲ್ ಬಾರದ ಖರ್ಚು ನಮಗೆ ಖರ್ಚಿನಂತೆ ಕಾಣಿಸುವುದೂ ಇಲ್ಲ.

ಇದರ ಜೊತೆಗೆ ರಾಜ್ಯದ ಆಜೀವ ತೆರಿಗೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಇದು ಶೇ. 14. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದಾಗ ಅನೇಕರು ಶೋರೂಮಿನತ್ತ ಮುಖ ಮಾಡಿದರು. ಬೆಲೆ ಇಳಿದದ್ದು ನಿಜ. ಆದರೆ ಅಗತ್ಯವಿಲ್ಲದ ವಸ್ತು ಅಗ್ಗವಾದಾಗಲೂ ಅದು ಅಗತ್ಯವಿಲ್ಲದ ವಸ್ತುವೇ.

ಇನ್ನು ಸಾಲ. ನಾವು ಲೆಕ್ಕ ಹಾಕಿ ನೋಡಿದೆವು. 5 ಲಕ್ಷವನ್ನು ಶೇ. 9.5ರ ದರದಲ್ಲಿ ಐದು ವರ್ಷಗಳಿಗೆ ಪಡೆದರೆ ತಿಂಗಳ ಕಂತು ಸುಮಾರು 10,500 ರೂಪಾಯಿ. ಕೊನೆಗೆ ಮರಳಿಸುವ ಮೊತ್ತದಲ್ಲಿ ಬಡ್ಡಿಯೇ 1 ಲಕ್ಷ 30 ಸಾವಿರ. ಬಡ್ಡಿಯ ಬಗ್ಗೆ ಈ ಓದುಗರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ವಿಚಿತ್ರವೇನೆಂದರೆ, ವ್ಯಾಪಾರಕ್ಕಾಗಿ ಬಡ್ಡಿ ಸಾಲ ಪಡೆದವನನ್ನು ಕಟುವಾಗಿ ವಿಮರ್ಶಿಸುವ ನಾವು ಕಾರಿನ ವಿಷಯ ಬಂದಾಗ ‘ಈಗೆಲ್ಲಾ ಹಾಗೆಯೇ’ ಎಂದು ಸುಮ್ಮನಾಗುತ್ತೇವೆ. ‘ಸೊನ್ನೆ ಬಡ್ಡಿ’ ಎಂಬ ಫಲಕ ಕಂಡರಂತೂ ಸಮಾಧಾನದ ನಿಟ್ಟುಸಿರು! ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಸಿಗುತ್ತದೆಯೇ ಎಂದು ಒಮ್ಮೆ ಕೇಳಿ ನೋಡಬೇಕು. ಉತ್ತರ ‘ಇಲ್ಲ’ ಎಂದಾದರೆ ಆ ಸೊನ್ನೆಯ ಬೆಲೆ ಎಷ್ಟೆಂದು ತಿಳಿಯುತ್ತದೆ.

ಇಷ್ಟನ್ನು ಓದಿದವರು ನಾವು ರಿಪೇರಿಯ ಪರ ಎಂದು ಭಾವಿಸಬಹುದು. ಬಹುತೇಕ ಸಂದರ್ಭಗಳಲ್ಲಿ ಹೌದು. ಎಂಜಿನ್ ನೀಲಿ ಹೊಗೆ ಉಗುಳದಿದ್ದರೆ, ಆಯಿಲ್ ಮತ್ತು ಕೂಲಂಟ್ ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗದಿದ್ದರೆ, ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವೆ ದೊಡ್ಡ ಅಂತರವಿಲ್ಲದಿದ್ದರೆ ಎರಡು ಲಕ್ಷ ಕಿಲೋಮೀಟರ್ ಎಂಬುದು ಹೆದರಬೇಕಾದ ಸಂಖ್ಯೆಯಲ್ಲ. ಕ್ಲಚ್, ಬ್ರೇಕ್ ಪ್ಯಾಡ್, ಬುಷ್, ಬ್ಯಾಟರಿ ಇವೆಲ್ಲ ಸವೆಯಲಿಕ್ಕೆಂದೇ ಇರುವ ಭಾಗಗಳು. ಅವು ಸವೆದಾಗ ‘ಕಾರು ಹೋಯಿತು’ ಎನ್ನುವುದು ಚಪ್ಪಲಿ ಹರಿದಾಗ ಕಾಲು ಹೋಯಿತು ಎಂದಂತೆ. ಹದಿನೈದು ವರ್ಷ ತುಂಬಿದರೆ ಕಾರನ್ನು ಸರಕಾರವೇ ಎತ್ತಿಕೊಂಡು ಹೋಗುತ್ತದೆ ಎಂಬ ಸುದ್ದಿಯನ್ನೂ ನಮ್ಮೂರಲ್ಲಿ ಕೇಳಿದ್ದೇವೆ. ಪೆಟ್ರೋಲ್ ಕಾರಿಗೆ 15, ಡೀಸೆಲ್ ಕಾರಿಗೆ 10 ವರ್ಷವೆಂಬ ಮಿತಿ ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಇಲ್ಲಿ ಆರ್‌ಟಿಒ ತಪಾಸಣೆಯಲ್ಲಿ ತೇರ್ಗಡೆಯಾದರೆ ನೋಂದಣಿಯನ್ನು ಐದು ವರ್ಷಗಳಿಗೆ ನವೀಕರಿಸಬಹುದು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ಹೊರೆಯೇನೋ ಹೌದು, ಆದರೆ ಒಂದೇ ತಿಂಗಳ ಕಂತಿಗಿಂತ ಕಡಿಮೆ.

ಹಾಗಾದರೆ ನಾವೇಕೆ 46 ಸಾವಿರದ ರಿಪೇರಿ ಮಾಡಿಸಲಿಲ್ಲ?

ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಮೆಕ್ಯಾನಿಕ್ ನಮ್ಮನ್ನು ಕೆಳಗೆ ಕರೆದರು. ಮುಂದಿನ ಚಕ್ರದ ಹಿಂಬದಿಯಲ್ಲಿ, ಲೋವರ್ ಆರ್ಮ್ ಬಂದು ಕೂರುವ ಚೌಕಟ್ಟಿನ ಹತ್ತಿರ, ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದರು. ಅದು ಹಪ್ಪಳದೊಳಗೆ ಹೋದಂತೆ ಒಳಗೆ ಹೋಯಿತು. ಕರಾವಳಿಯ ಗಾಳಿಯ ಉಪ್ಪು ಮತ್ತು ನಾಲ್ಕು ತಿಂಗಳ ಮಳೆ ಹದಿನೈದು ವರ್ಷಗಳಲ್ಲಿ ಮಾಡಿದ ಕೆಲಸ. ‘ಪ್ಯಾಚ್ ಹಾಕಿ ವೆಲ್ಡಿಂಗ್ ಮಾಡಿ ಕೊಡುತ್ತೇನೆ. ಎಂಟು ಸಾವಿರ ಸಾಕು. ಆದರೆ ನಿಮ್ಮ ತಾಯಿಯನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತಬೇಡಿ’ ಎಂದರು. ಕೆಲಸ ಸಿಗುವುದಿದ್ದರೂ ಬೇಡವೆಂದ ಆ ಮನುಷ್ಯನಿಗೆ ಅಲ್ಲಾಹನು ಒಳಿತು ಮಾಡಲಿ. ಎಂಜಿನನ್ನು ಬಿಚ್ಚಿ ಜೋಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ಆದರೆ ಕಾರಿನ ಅಸ್ಥಿಪಂಜರವೇ ಕರಗಿದ ಮೇಲೆ ಉಳಿದ ಭಾಗಗಳಿಗೆ ಹಾಕುವ ಹಣ ಗೋಡೆ ಕುಸಿಯುತ್ತಿರುವ ಮನೆಗೆ ಬಣ್ಣ ಬಳಿದಂತೆ.

ಇನ್ನೊಂದು ವಿಷಯವನ್ನು ನಾವು ಬಹಳ ಕಾಲ ಕಡೆಗಣಿಸಿದ್ದೆವು. ನಮ್ಮ ಕಾರಿನಲ್ಲಿ ಒಂದೇ ಒಂದು ಏರ್‌ಬ್ಯಾಗ್ ಇರಲಿಲ್ಲ, ಎಬಿಎಸ್ ಕೂಡ ಇರಲಿಲ್ಲ. ಹೊಸ ಕಾರುಗಳಿಗೆ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯವೆಂಬುದು ಎಲ್ಲ ಮಾದರಿಗಳಿಗೆ ಅನ್ವಯಿಸಿದ್ದು 2021ರ ಅಂತ್ಯಕ್ಕೆ. ಯಾವ ರಿಪೇರಿಯೂ ಹಳೆಯ ಕಾರಿಗೆ ಇವನ್ನು ತಂದುಕೊಡುವುದಿಲ್ಲ. ಸಾವು-ಬದುಕು ಅಲ್ಲಾಹನ ಕೈಯಲ್ಲಿದೆ ಎಂಬ ಮಾತನ್ನು ಮುಂದಿಟ್ಟು ಈ ಚರ್ಚೆಯನ್ನು ಮುಚ್ಚಿಬಿಡುವವರಿದ್ದಾರೆ. ಒಂಟೆಯನ್ನು ಕಟ್ಟಿಹಾಕಿದ ಬಳಿಕವೇ ಭರವಸೆಯಿಡಲು ಕಲಿತ ಸಮುದಾಯ ನಮ್ಮದಲ್ಲವೇ?

ಅಂತಿಮವಾಗಿ ನಾವು ಹೊಸದನ್ನು ಖರೀದಿಸಲಿಲ್ಲ, ಹಳೆಯದನ್ನು ಉಳಿಸಿಕೊಳ್ಳಲೂ ಇಲ್ಲ. 2022ರಲ್ಲಿ ತಯಾರಾದ, ಎರಡು ಏರ್‌ಬ್ಯಾಗ್ ಇರುವ, ಒಬ್ಬರೇ ಬಳಸಿದ ಸಣ್ಣ ಕಾರನ್ನು 3 ಲಕ್ಷ 60 ಸಾವಿರಕ್ಕೆ ಖರೀದಿಸಿದೆವು. ಅದರ ಸವಕಳಿಯ ಬಹುಪಾಲನ್ನು ಮೊದಲ ಮಾಲಕರೇ ಹೊತ್ತಿದ್ದರು. ಸರ್ವಿಸ್ ದಾಖಲೆಗಳಲ್ಲಿನ ಕಿಲೋಮೀಟರ್‌ಗೂ ಮೀಟರಿನ ಸಂಖ್ಯೆಗೂ ತಾಳೆ ಹಾಕಿ ನೋಡಿದೆವು. ಮೀಟರ್ ಹಿಂದಕ್ಕೆ ತಿರುಗಿಸುವವರಿಗೆ ಈ ವ್ಯಾಪಾರದಲ್ಲಿ ಬರಗಾಲವಿಲ್ಲ. ಹಳೆಯ ಕಾರಿನ ವಿಮೆಯಲ್ಲಿದ್ದ ನೋ ಕ್ಲೇಮ್ ಬೋನಸ್ ಮಾಲಕನಿಗೆ ಸೇರಿದ್ದೇ ಹೊರತು ಕಾರಿಗಲ್ಲ, ಅದನ್ನು ಹೊಸ ಪಾಲಿಸಿಗೆ ವರ್ಗಾಯಿಸಿಕೊಂಡೆವು. ಇದನ್ನು ಮರೆತು ಸಾವಿರಾರು ರೂಪಾಯಿ ಕಳೆದುಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಉಳಿತಾಯ 2 ಲಕ್ಷ 60 ಸಾವಿರವಿತ್ತು. ಉಳಿದ ಒಂದು ಲಕ್ಷವನ್ನು ದಮ್ಮಾಮ್‌ನಲ್ಲಿರುವ ಸಹೋದರ ಕೊಟ್ಟ. ‘ಬರೆಯುವುದೆಲ್ಲ ಯಾಕೆ?’ ಎಂದು ಅವನು ಬೇಸರಿಸಿದರೂ ಬರೆದೆವು, ಇಬ್ಬರು ಸಾಕ್ಷಿಗಳೂ ಸಹಿ ಹಾಕಿದರು.

ಹಳೆಯ ಕಾರಿನ ಪ್ರಶ್ನೆ ಉಳಿಯಿತು. ದಲ್ಲಾಳಿಯೊಬ್ಬರು 70 ಸಾವಿರಕ್ಕೆ ಗಿರಾಕಿಯಿದ್ದಾರೆ ಎಂದರು. ಷರತ್ತು ಒಂದೇ, ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸಿಕೊಡಬೇಕು. ತುಕ್ಕು ಮುಚ್ಚುತ್ತದೆ, ಗಿರಾಕಿ ಬಗ್ಗಿ ನೋಡುವುದಿಲ್ಲ. ಗುಜರಿಗೆ ಕೊಟ್ಟರೆ ಸಿಗುವುದು 21 ಸಾವಿರ. ವ್ಯತ್ಯಾಸ 49 ಸಾವಿರ, ಸಹೋದರನ ಸಾಲದ ಅರ್ಧದಷ್ಟು! ಆ ರಾತ್ರಿ ನಮಗೆ ಆಮಿಷವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಅಡಿಯಲ್ಲಿದ್ದ ತೇವವನ್ನು ಕಂಡ ಘಟನೆಯನ್ನು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ನಮ್ಮ ಧಾನ್ಯದ ರಾಶಿ ಅಂಗಳದಲ್ಲೇ ನಿಂತಿತ್ತು. ಯಾರೋ ಬಡ ಕುಟುಂಬದ ಮಕ್ಕಳು ಅದರಲ್ಲಿ ಕೂರಲಿದ್ದರು. ತಂದೆಯವರು ಒಂದೇ ಮಾತು ಹೇಳಿದರು: ‘ನನ್ನ ಹೆಸರಿನಲ್ಲಿರುವ ಕಾರು.’

ಅವರ ಮಾತಿನಲ್ಲಿ ಕಾನೂನೂ ಇದೆ. ಕಾರನ್ನು ಮಾರಿ ಕೀ ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲಕನದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. 29 ಮತ್ತು 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿ ದಲ್ಲಾಳಿಯ ಕೈಗಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಆ ಕಾರು ಬಳಿಕ ಯಾರ ಕೈಗೆ ಹೋಯಿತು, ಅದಕ್ಕೆ ವಿಮೆ ಇದೆಯೇ ಎಂಬುದು ಕೊಟ್ಟವನಿಗೆ ಗೊತ್ತೇ ಇರುವುದಿಲ್ಲ.

ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿ ರದ್ದುಪಡಿಸಲು ಅರ್ಜಿ ಸಲ್ಲಿಸಿದೆವು. 21 ಸಾವಿರ ನೇರವಾಗಿ ಸಹೋದರನ ಖಾತೆಗೆ ಹೋಯಿತು. ಸಾಲದ ಚೀಟಿಯಲ್ಲಿ ಈಗ 79 ಸಾವಿರ ಎಂದಿದೆ. ಉಮ್ಮ ಮಂಗಳವಾರ ಮತ್ತು ಶುಕ್ರವಾರಗಳಂದು ಮಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಹಿಂದಿನ ಸೀಟು ಹಳೆಯ ಕಾರಿನಷ್ಟು ಮೆತ್ತಗಿಲ್ಲ ಎಂಬುದೊಂದೇ ಅವರ ದೂರು.